ನಾಯಿಮರಿಗಾಗಿ ಕಟ್ಟಿದ ಬೇವಿನ ಸೊಪ್ಪು

ಮುಧೋಳ ಸೀಮೆಯ ಒಂದು ಹಳ್ಳಿಯಲ್ಲಿ ಬಾಳಪ್ಪ ಎಂಬ ಹಿರಿಯನಿದ್ದ. ಬೇಟೆನಾಯಿ ಸಾಕುವುದರಲ್ಲಿ ಅವನ ಮನೆತನದ್ದು ದೊಡ್ಡ ಹೆಸರು. ಹೆಸರಿಗಿಂತ ಅವನ ಜಂಬ ಒಂದು ಕೈ ಮೇಲು.

ಆ ವರ್ಷ ಅವನ ಹೆಣ್ಣುನಾಯಿ ಐದು ಮರಿ ಹಾಕಿತ್ತು. ಮರಿಗಳಿಗೆ ಎರಡು ತಿಂಗಳಾಗಿತ್ತು. ದಿನವೂ ಜನ ಚಪ್ಪಲಿಗಾಲಲ್ಲೇ ಅಂಗಳಕ್ಕೆ ಬಂದು ಮರಿಗಳನ್ನು ಎತ್ತಿ ಮುದ್ದಾಡುತ್ತಿದ್ದರು. ಸೊಸೆ ಕಾಶವ್ವ ಮರಿಗಳಿಗೆ ಲಸಿಕೆ ಹಾಕಿಸೋಣವೆಂದರೆ ಬಾಳಪ್ಪ ಮೀಸೆ ತಿರುವುತ್ತಿದ್ದ.

“ಸೂಜಿ ಪ್ಯಾಟಿ ನಾಯಿಗೆ. ನಮ್ಮವು ಮೊಲದ ಬೆನ್ನ ಹತ್ತೋ ಜಾತಿ!”

ಒಂದು ಶನಿವಾರ ಬೆಳಿಗ್ಗೆ ಕಾಶವ್ವ ಗಂಗಾಳದಲ್ಲಿ ಹಾಲುರೊಟ್ಟಿ ಕಲಸಿ ಇಟ್ಟಳು. ನಾಲ್ಕು ಮರಿ ಓಡಿಬಂದವು. ಎಲ್ಲಕ್ಕಿಂತ ತುಂಟನಾದ ಕರಿಮರಿ ಮೂಲೆಯಲ್ಲೇ ಮಲಗಿತ್ತು. ಕರೆದರೂ ಬಾಲ ಆಡಿಸಲಿಲ್ಲ. ಸ್ವಲ್ಪ ಹೊತ್ತಿಗೆ ನೊರೆ ವಾಂತಿ ಮಾಡಿತು. ಆಮೇಲೆ ನೀರಿನಂಥ ಭೇದಿ, ಅದರಲ್ಲಿ ರಕ್ತ, ತಡೆಯಲಾರದ ನಾತ.

“ಜಂತಾಗ್ಯಾವ. ಒಂದೀಟು ಮಜ್ಜಿಗಿ ಕುಡಸು, ನಾಳಿಗೆ ಎದ್ದು ಕುಣೀತೈತಿ,” ಎಂದ ಬಾಳಪ್ಪ.

“ಮಾವಾರ, ಇದು ಪಾರ್ವೊ ಬ್ಯಾನಿ ಇದ್ದಂಗ ಐತ್ರಿ. ನನ್ನ ತವರಮನ್ಯಾಗ ಹಿಂಗ ನಾಳಿ ನಾಳಿ ಅನ್ಕೋತನ ಎರಡ ದಿನದಾಗ ಆರೂ ಮರಿ ಹ್ವಾದುವು. ಮಜ್ಜಿಗಿ ಬ್ಯಾಡ್ರಿ, ಡಾಕ್ಟರ ಬೇಕು.”

ಅವಳು ಅಪ್ಪಣೆಗೆ ಕಾಯಲಿಲ್ಲ. ಕರಿಮರಿಯನ್ನು ಬೇರೆ ಕೋಣೆಯಲ್ಲಿ ಮಲಗಿಸಿ ಪಶುವೈದ್ಯರಿಗೆ ಫೋನು ಮಾಡಿದಳು. ಆಮೇಲೆ ಬೇವಿನ ಟೊಂಗೆ ಮುರಿದು ತಂದು ತಲಬಾಗಿಲಿಗೆ ಕಟ್ಟಿದಳು. ಮನೆಯಲ್ಲಿ ಯಾರಿಗಾದರೂ ಅಮ್ಮ ಬಂದು ಮೈಮೇಲೆ ಗುಳ್ಳೆ ಎದ್ದಾಗ ಹಾಗೆ ಕಟ್ಟುವುದು ಆ ಊರಿನ ರೂಢಿ.

ಬಾಳಪ್ಪನ ಪಿತ್ತ ನೆತ್ತಿಗೇರಿತು. “ನಾಯಿಮರಿಗೆ ಅಮ್ಮ ಬಂದಾಳೇನ? ಊರ ನಗತೈತಿ! ನಾಳೆ ಗೋಕಾಕ ಕಡಿಯವರು ಮರಿ ನೋಡಿ ಕೊಳ್ಳಾಕ ಬರ್ತಾರ. ಸೊಪ್ಪು ಬಿಚ್ಚು!”

“ಸೊಪ್ಪಿನಿಂದ ಬ್ಯಾನಿ ಹೋಗತೈತಿ ಅಂತ ಕಟ್ಟಿಲ್ರಿ. ಅದನ್ನ ಕಂಡ್ರ ನಮ್ಮ ಜನ ಹೊಸ್ತಿಲ ದಾಟೂದಿಲ್ಲ, ಅದಕ್ಕ ಕಟ್ಟೀನಿ. ಈ ಬ್ಯಾನಿ ಚಪ್ಪಲಿಗೆ ಹತ್ತಿ ಮನಿಮನಿಗೆ ಹೋಗತೈತಿ. ನಮ್ಮ ಓಣ್ಯಾಗ ಇನ್ನೂ ಹನ್ನೊಂದು ಮರಿ ಅದಾವು, ಮಾವಾರ.”

ಅಷ್ಟರಲ್ಲಿ ವೈದ್ಯರು ಬಂದರು. ಪರೀಕ್ಷೆ ಮಾಡಿ ಪಾರ್ವೊ ಎಂದೇ ಹೇಳಿದರು. “ಒಳ್ಳೆ ಹೊತ್ತಿಗೆ ಕರೆದಿರಿ. ನಾಳೆಗೆ ಬಿಟ್ಟಿದ್ದರೆ ಕಷ್ಟವಿತ್ತು,” ಎಂದು ಸಲೈನ್ ಹಚ್ಚಿದರು. ಕಾಶವ್ವ ಬ್ಲೀಚಿಂಗ್ ಪುಡಿ ಕಲಸಿದ ನೀರಿನಿಂದ ನೆಲ, ಗಂಗಾಳ, ಮೆಟ್ಟಿಲು ತೊಳೆದಳು.

ಭಾನುವಾರ ಗೋಕಾಕದವರು ಬಂದರು. ಸೊಪ್ಪು ಕಂಡು ಬಾಗಿಲಲ್ಲೇ ನಿಂತರು. ‘ಮನೆಯಲ್ಲಿ ಮಗುವಿಗೆ ಅಮ್ಮ’ ಎಂದೊಂದು ಸುಳ್ಳು ಹೇಳಿದ್ದರೆ ಬಾಳಪ್ಪನ ಹೆಸರು ಉಳಿಯುತ್ತಿತ್ತು. ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು. ಅವನು ಒಮ್ಮೆ ಒಳಗೆ ಸಲೈನ್ ಬಾಟಲಿ ಹಿಡಿದು ಕೂತಿದ್ದ ಸೊಸೆಯನ್ನು ನೋಡಿದ.

“ಒಳಗ ಬರಬ್ಯಾಡ್ರಿ. ನಮ್ಮ ಮರಿಗೆ ಪಾರ್ವೊ ಆಗೈತಿ. ನಿಮ್ಮ ಮನ್ಯಾಗೂ ಮರಿ ಇದ್ದೀತು, ಕಾಲಾಗ ಹೊತ್ಕೊಂಡ ಹೋಗಬ್ಯಾಡ್ರಿ.”

ಬಂದ ಹಿರಿಯರು ಕೈ ಮುಗಿದರು. “ಇದ್ದದ್ದ ಇದ್ದಂಗ ಹೇಳೋ ಮನಿ ಮರೀನ ನಮಗ ಬೇಕು. ನೀವು ಎಂದ ಕರೀತೀರಿ, ಅಂದ ಬರ್ತೀವಿ.”

ಇನ್ನೊಂದು ಮರಿಗೂ ರೋಗ ಹತ್ತಿತು. ಔಷಧಿ ಕೊಟ್ಟರೂ ಅದು ಉಳಿಯಲಿಲ್ಲ. ಬಾಳಪ್ಪ ಮಗುವಿನಂತೆ ಅತ್ತ. ಆದರೆ ಆರನೆಯ ದಿನ ಕರಿಮರಿ ತಾನೇ ಎದ್ದು ನೀರು ನೆಕ್ಕಿತು. ಓಣಿಯ ಹನ್ನೊಂದು ಮರಿಗಳಲ್ಲಿ ಒಂದಕ್ಕೂ ಏನೂ ಆಗಲಿಲ್ಲ.

ಮುಂದೆ ಲಸಿಕೆ ಹಾಕುವ ದಿನ ವೈದ್ಯರು ಚೀಟಿ ತೆಗೆದು, “ಮರಿಯ ಯಜಮಾನರ ಹೆಸರೇನು?” ಎಂದು ಕೇಳಿದರು. ಮೂರು ತಲೆಮಾರಿನಿಂದ ಆ ಮನೆಯ ನಾಯಿಗಳ ಯಜಮಾನರೆಂದು ಗಂಡಸರ ಹೆಸರನ್ನೇ ಹೇಳುತ್ತಿದ್ದರು. ಬಾಳಪ್ಪ ಎದೆಯುಬ್ಬಿಸಿ, ಓಣಿಗೆಲ್ಲ ಕೇಳುವಂತೆ ಹೇಳಿದ:

“ಕಾಶವ್ವ ಅಂತ ಬರೀರಿ!”

ನೀತಿ: ರೋಗವನ್ನು ಮುಚ್ಚಿಟ್ಟು ಕಾಯ್ದ ಹೆಸರು ನಾಲ್ಕು ದಿನದ್ದು, ಒಪ್ಪಿಕೊಂಡು ಗಳಿಸಿದ ಹೆಸರೇ ನಿಜವಾದ ಹೆಮ್ಮೆ. ಎಳೆಯ ಮರಿ ಊಟ ಬಿಟ್ಟು ಮಂಕಾಗಿ, ವಾಂತಿ ಭೇದಿ ಶುರುವಾದರೆ ‘ನಾಳೆ ನೋಡೋಣ’ ಎನ್ನಬೇಡಿ. ಅದಕ್ಕೆ ಇರುವುದು ಇವತ್ತು ಮಾತ್ರ.