ಅಲ್ಲಾಡದ ದುಂಬಿ

"ಗುರುಗಳೇ, ನಾನು ತರಗತಿಗೆ ಕಾಲಿಟ್ಟರೆ ಸಾಕು, ಮಕ್ಕಳು ತುಟಿಪಿಟಕ್ಕೆನ್ನುವುದಿಲ್ಲ. ಕೂತವರು ಕೂತಂತೆಯೇ ಇರುತ್ತಾರೆ. ಇದನ್ನು ಗೌರವ ಎನ್ನಬೇಕೋ, ಭಕ್ತಿ ಎನ್ನಬೇಕೋ?"

ಕೇಳಿದವನು ಪರ್ವತಯ್ಯ. ಮಠದ ಪಾಠಶಾಲೆಯಲ್ಲಿ ಪಾಠ ಹೇಳುವ ಶಿಷ್ಯ. ಕೇಳುವಾಗ ಅವನ ಮುಖದಲ್ಲಿ ಹಿಗ್ಗು ತುಳುಕುತ್ತಿತ್ತು.

"ಉತ್ತರ ಎರಡನ್ನೂ ನೀನೇ ಕಟ್ಟಿಕೊಂಡು ಬಂದಿದ್ದೀಯಲ್ಲಪ್ಪ, ಭಾರಿ ಘಾಟಿ ನೀನು! ಕೂತುಕೋ," ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ಫೋಟೋಗ್ರಾಫರ್ ಇದ್ದ. ಮದುವೆ ಮುಂಜಿಯ ಫೋಟೋ ತೆಗೆಯುವವನಲ್ಲ. ಊರಾಚೆಯ ಗುಡ್ಡಕ್ಕೆ ಹೋಗಿ, ಕಾಡುಹೂವಿನ ಮೇಲೆ ಕೂತ ಹುಳಗಳ ಚಿತ್ರವನ್ನು ತೀರಾ ಹತ್ತಿರದಿಂದ ತೆಗೆಯುವವನು. ತುಂಬೆ ಹೂವಿನ ಮೇಲೆ ಜೇನ್ನೊಣ, ತಂಗಡಿ ಹೂವಿನ ಮೇಲೆ ದುಂಬಿ. ಕಡಲೆಕಾಳಿನಷ್ಟು ಜೀವ ಅವನ ಚಿತ್ರದಲ್ಲಿ ಗೋಡೆ ತುಂಬುತ್ತಿತ್ತು. ಆ ಕೆಲಸದಲ್ಲಿ ಕಣ್ಣೇ ಮುಖ್ಯವಂತೆ. ಹುಳದ ಕಣ್ಣು ಸ್ಪಷ್ಟವಾಗಿ ಬಂದರೆ ಚಿತ್ರ ಗೆದ್ದಿತು, ಕಣ್ಣು ಮಬ್ಬಾದರೆ ಪಟ್ಟ ಪಾಡೆಲ್ಲ ನೀರುಪಾಲು.

ಆದರೆ ಹುಳ ಯಾರ ಮಾತು ಕೇಳುತ್ತದೆ ಹೇಳು? ಮೊಣಕಾಲೂರಿ, ಉಸಿರು ಬಿಗಿಹಿಡಿದು, ಇನ್ನೇನು ಗುಂಡಿ ಒತ್ತಬೇಕು ಎನ್ನುವಾಗ ಬುರ್ರನೆ ಹಾರಿಬಿಡುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ. ಹುಳ ಕೂತರೆ ಗಾಳಿ ಬೀಸಿ ಹೂವೇ ಓಲಾಡುತ್ತಿತ್ತು. ಚಿತ್ರ ಸಿಗದ ದಿನ ಬೇಗ ಮನೆಗೆ ಬಂದು ಮಗಳ ಜೊತೆ ಚೌಕಾಬಾರ ಆಡುತ್ತಿದ್ದ. ಅವಳು ಕಾಯಿ ಕದಿಯುತ್ತಿದ್ದಳು, ಇವನು ಕಂಡೂ ಕಾಣದಂತೆ ಸೋಲುತ್ತಿದ್ದ. ಮನೆಯಲ್ಲಿ ಗಲಾಟೆಯೋ ಗಲಾಟೆ.

ಹೀಗಿರುವಾಗ ಅವನು ಒಂದು ಉಪಾಯ ಕಲಿತ. ಹುಳವನ್ನು ಡಬ್ಬಿಯಲ್ಲಿ ಹಿಡಿದು ತಂದು ಫ್ರಿಜ್ಜಿನಲ್ಲಿ ಇಡುವುದು. ಚಳಿಗೆ ಮೈ ಮರಗಟ್ಟುತ್ತದೆ, ಜೀವ ಹೋಗುವುದಿಲ್ಲ. ಆಮೇಲೆ ಕೊಯ್ದು ತಂದ ಹೂವಿನ ಮೇಲೆ ಚಿಮಟದಲ್ಲಿ ಎತ್ತಿ ಇಟ್ಟರೆ ಇಟ್ಟಂತೆ ಕೂರುತ್ತದೆ. ಮೀಸೆ ಎತ್ತಿದರೆ ಎತ್ತಿದಂತೆ, ರೆಕ್ಕೆ ಬಿಡಿಸಿದರೆ ಬಿಡಿಸಿದಂತೆ. ಮೇಲೊಂದಿಷ್ಟು ನೀರು ಚಿಮುಕಿಸಿದರೆ ನೋಡಿದವರು ಇಬ್ಬನಿ ಎನ್ನುತ್ತಾರೆ. ಹುಳಕ್ಕೆ ರೆಪ್ಪೆ ಇಲ್ಲ. ಏನು ಮಾಡಿದರೂ ಅದು ನೋಡುತ್ತಲೇ ಇರುತ್ತದೆ.

ಒಮ್ಮೆ ಹೆಂಡತಿ ಬಾಗಿಲಲ್ಲಿ ನಿಂತು ಇದನ್ನು ಕಂಡಳು. "ಏನ್ರೀ ಇದು, ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ!" ಎಂದಳು.

"ಪ್ರಾಣಕ್ಕೆ ಏನಾಯಿತು ಈಗ? ಮೈ ಬೆಚ್ಚಗಾದರೆ ಹಾರಿಹೋಗುತ್ತೆ ಬಿಡೇ," ಎಂದ.

ಅದು ಸುಳ್ಳೂ ಅಲ್ಲ. ಬಹುಪಾಲು ಹಾರಿಹೋಗುತ್ತಿದ್ದವು. ಚಿತ್ರ ಕಂಡವರು, "ಆಹಾ, ನಿಮ್ಮ ಮುಂದೆ ಎಷ್ಟು ನೆಮ್ಮದಿಯಾಗಿ ಕೂತಿದೆ!" ಎಂದು ಕೊಂಡಾಡಿದರು. ಕೇಳಿ ಕೇಳಿ ಅವನಿಗೂ ಅದು ನೆಮ್ಮದಿಯೇ ಎನಿಸತೊಡಗಿತು.

ಒಂದು ಮಧ್ಯಾಹ್ನ ಅವನು ಡಬ್ಬಿ ಮರೆತು ಗುಡ್ಡ ಹತ್ತಿದ. ಕೆಂಡದಂಥ ಬಿಸಿಲು. ತುಂಬೆ ಗಿಡಗಳ ತುಂಬ ಜೇನ್ನೊಣ, ದುಂಬಿಗಳ ಮೊರೆತ. ಅವನು ಒಂದು ಹೆಜ್ಜೆ ಮುಂದಿಟ್ಟ, ಹತ್ತಿರದ ಗಿಡದ ಮೊರೆತ ನಿಂತಿತು. ಇನ್ನೊಂದು ಹೆಜ್ಜೆಗೆ ಆಚೆಯ ಗಿಡದ್ದೂ ನಿಂತಿತು. ಒಂದೂ ಹಾರಿಹೋಗಲಿಲ್ಲ. ಕೂತಲ್ಲೇ, ರೆಕ್ಕೆ ಅರ್ಧ ತೆರೆದುಕೊಂಡು, ಎಲ್ಲ ಮರಗಟ್ಟಿದ್ದವು. ಗಾಳಿಯೂ ನಿಂತಿತ್ತು. ಒಂದು ದುಂಬಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಆ ಬಿಸಿಲಿನಲ್ಲೂ ಅದರ ಮೈ ತಣ್ಣಗಿತ್ತು.

ಬೇರೆಯವನಾಗಿದ್ದರೆ ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದ. ಇವನು ಖುಷಿಪಟ್ಟ! "ಅಬ್ಬಾ, ಕೊನೆಗೂ ಇವು ನನಗೆ ಒಗ್ಗಿಕೊಂಡವು," ಎಂದುಕೊಂಡು, ಒಂದೊಂದರ ಮೀಸೆಯನ್ನೂ ತನಗೆ ಬೇಕಾದಂತೆ ತಿದ್ದುತ್ತ, ಹೊತ್ತು ಇಳಿಯುವವರೆಗೂ ಚಿತ್ರ ತೆಗೆದ. ಹಿಂದಿರುಗುವಾಗ ಬೆನ್ನ ಹಿಂದೆ ಮೊರೆತ ಮತ್ತೆ ಶುರುವಾದದ್ದು ಕೇಳಿಸಿತು. ತಿರುಗಿ ನೋಡಿದ, ನಿಂತಿತು. ಆಗ ಮಾತ್ರ ಅವನಿಗೆ ಯಾಕೋ ಮೈ ಜುಮ್ಮೆಂದಿತು.

ಮನೆ ಹತ್ತಿರ ಬಂದಾಗ ಒಳಗೆ ಮಗಳು ಕಿಲಕಿಲ ನಗುತ್ತಿದ್ದಳು. ತಾಯಿ ಅವಳ ತಲೆ ಬಾಚುತ್ತ ಏನೋ ಗದರುತ್ತಿದ್ದಳು. ಇವನು ಹೊಸ್ತಿಲು ದಾಟಿದ. ನಗು ಅಲ್ಲಿಗೇ ನಿಂತಿತು. ಬಾಚಣಿಗೆ ಕೂದಲಿನ ನಡುವೆ ನಿಂತಿತು. ಮಗಳ ಬಾಯಿ ಅರ್ಧ ಮಾತಿನಲ್ಲಿ ತೆರೆದೇ ಇತ್ತು. ಕಿಟಕಿಯ ಬೆಳಕು ಅವಳ ಕೆನ್ನೆಯ ಮೇಲೆ ಬಿದ್ದಿತ್ತು.

ಅವನಿಗೆ ಮೊದಲು ಕಂಡದ್ದು ಆ ಬೆಳಕು. ಪರ್ವತಯ್ಯ, ಅಭ್ಯಾಸ ಅಂದರೆ ಹಾಗೆ. "ಹಾಗೇ ಇರು ಪುಟ್ಟೀ," ಎಂದ. ಕ್ಯಾಮೆರಾ ತೆಗೆದ. ಗಲ್ಲ ಸ್ವಲ್ಪ ಓರೆಯಾಗಿತ್ತು, ಎರಡು ಬೆರಳಿನಿಂದ ಸರಿಮಾಡಿದ. ಮುಂಗುರುಳನ್ನು ಪಕ್ಕಕ್ಕೆ ಸರಿಸಿದ. ಗುಂಡಿ ಒತ್ತಿದ. ಚಿತ್ರ ಬಹಳ ಚೆನ್ನಾಗಿ ಬಂದಿತ್ತು, ಕಣ್ಣಂತೂ ಕೊರೆದಿಟ್ಟ ಹಾಗೆ. ಆಮೇಲೆ ಬೆರಳಿಗೆ ಆ ಗಲ್ಲದ ಥಂಡಿ ನೆನಪಾಯಿತು.

"ಸಾಕು ಕಂದ, ಆಯಿತು, ಅಲ್ಲಾಡು," ಎಂದ. ಅವಳು ಅಲ್ಲಾಡಲಿಲ್ಲ. ಭುಜ ಹಿಡಿದು ಅಲುಗಿಸಿದ. ಅಲುಗಿಸಿದಷ್ಟು ಅಲುಗಿ, ಬಿಟ್ಟಲ್ಲಿ ನಿಂತಳು. ಕಣ್ಣು ಮಾತ್ರ ಅವನನ್ನೇ ನೋಡುತ್ತಿತ್ತು. "ಅಯ್ಯೋ ದೇವರೇ, ನನ್ನ ಮಗೂ!" ಎಂದು ತಬ್ಬಿಕೊಂಡು ಅತ್ತ. ಅವನು ಬಿಗಿಯಾಗಿ ತಬ್ಬಿದಷ್ಟೂ ಮಗು ಇನ್ನಷ್ಟು ತಣ್ಣಗಾಯಿತು.

ಆಗ ಹೆಂಡತಿಯ ತುಟಿ ಅಲುಗಿತು. ತಲೆ ಎತ್ತಲಿಲ್ಲ, ಕೈ ಆಡಲಿಲ್ಲ, ಧ್ವನಿ ಮಾತ್ರ ಬಂದಿತು. "ನೀವು ಆಚೆ ಹೋಗ್ರೀ. ಅವಳು ಸರಿಹೋಗುತ್ತಾಳೆ."

ಅವನು ಹೊರಗೆ ಬಂದು ಬಾಗಿಲು ಎಳೆದುಕೊಂಡ. ಸ್ವಲ್ಪ ಹೊತ್ತಿಗೆ ಒಳಗೆ ಬಾಚಣಿಗೆಯ ಸದ್ದು ಕೇಳಿಸಿತು. ಮಗಳು ಅರ್ಧಕ್ಕೆ ಬಿಟ್ಟ ಮಾತು ಮುಗಿಸಿ ಪಕಪಕನೆ ನಕ್ಕಳು. ಅವನು ಅಗುಳಿಯ ಮೇಲೆ ಕೈಯಿಟ್ಟ. ನಗು ತಗ್ಗಿತು. ಕೈ ತೆಗೆದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆಮೇಲೆ ಅವನು ಒಳಗೆ ಹೋದನೇ, ಗುರುಗಳೇ?" ಎಂದು ಪರ್ವತಯ್ಯ ಮೆಲ್ಲಗೆ ಕೇಳಿದ.

ಗುರುಗಳು ಪಾಠಶಾಲೆಯ ದಿಕ್ಕಿಗೆ ಕಿವಿಗೊಟ್ಟರು. ಅಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಕೇಕೆ ಹಾಕುತ್ತಿದ್ದರು.

"ನೀನು ಇಲ್ಲಿ ಕೂತಿದ್ದೀಯಲ್ಲ, ಅದಕ್ಕೇ ಅವರು ನಗುತ್ತಿದ್ದಾರೆ," ಎಂದರು.