ಚಂದ್ರನನ್ನು ಕಟ್ಟಿಹಾಕಿದ ಕೆರೆ

ಹೊಳೆದಂಡೆಯ ಆ ಆಶ್ರಮದಲ್ಲಿ ಓಲೆಗರಿಗಳಿಗೆ ದಾರ ಪೋಣಿಸುತ್ತಿರಲಿಲ್ಲ.

ಅಲ್ಲಿ ಶಿಷ್ಯರು ಕಲಿಯುತ್ತಿದ್ದುದು ಇಲ್ಲದ ಊರುಗಳನ್ನು ಗರಿಗಳ ಮೇಲೆ ಬರೆದು ಕಟ್ಟುವುದನ್ನು. ಒಂದು ಗರಿಗೆ ಒಂದು ಜಾಗ. ಕೇಳುವವನು ಎತ್ತ ಹೋಗುತ್ತೇನೆ ಎನ್ನುತ್ತಾನೋ ಅತ್ತಲಿನ ಗರಿಯನ್ನು ಹುಡುಕಿ ಓದಬೇಕು. ದಾರ ಹಾಕಿದರೆ ಎಲ್ಲರೂ ಒಂದೇ ದಾರಿಯಲ್ಲಿ ಹೋಗಬೇಕಾಗುತ್ತದೆ ಎನ್ನುತ್ತಿದ್ದರು ಗುರು ಗುರುಪಾದಯ್ಯನವರು.

ಆರು ವರ್ಷ ಕಲಿತ ಭಾಗೀರಥಿ ಒಂದು ಬೆಳಿಗ್ಗೆ ಮುನ್ನೂರು ಗರಿಗಳನ್ನು ಹೊತ್ತು ತಂದಳು.

“ಏಳು ಸುತ್ತಿನ ಕೋಟೆ ಇದೆ ಗುರುಗಳೇ. ಮಾತಾಡೋ ಗಿಡಗಳಿವೆ. ಕೆರೆಯಲ್ಲಿ ಚಂದ್ರನನ್ನ ಹಗ್ಗದಿಂದ ಕಟ್ಟಿಹಾಕಿದ್ದೀನಿ.”

“ಪಾಪ, ಚಂದ್ರ,” ಎಂದರು ಗುರುಗಳು. “ಅಂಬಿಗರ ದುರ್ಗಪ್ಪನನ್ನ ಅಲ್ಲಿ ಓಡಾಡಿಸು. ಅವನು ಎದ್ದು ಕೂತ ದಿನ ನಿನ್ನ ವಿದ್ಯೆ ಮುಗೀತು.”

ದುರ್ಗಪ್ಪ ದೋಣಿಯಿಂದ ಬಿದ್ದು ಸೊಂಟ ಮುರಿದುಕೊಂಡವನು. ಮೂಳೆ ಕೂಡಿದೆ, ಇನ್ನೂ ಮಲಗಿದ್ದರೆ ಕಾಲುಗಳು ಕೈಕೊಡುತ್ತವೆ ಎಂದು ವೈದ್ಯರು ಹೇಳಿ ತಿಂಗಳಾಗಿತ್ತು. ಅವನು ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದ.

ಅವಳು ಅವನ ಪಕ್ಕ ಕೂತು ಮೊದಲ ಗರಿ ಓದಿದಳು. ಚಿನ್ನದ ಹೆಬ್ಬಾಗಿಲು, ಆನೆಯಷ್ಟು ಎತ್ತರದ ಕಾವಲುಗಾರರು.

“ಎತ್ತ ಹೋಗ್ತೀ ದುರ್ಗಣ್ಣ?”

ಗೋಡೆ ನೋಡುತ್ತಲೇ ಅವನು ಕೇಳಿದ. “ಬಾಗಿಲ ಹತ್ರ ಕೂರೋಕೆ ಕಟ್ಟೆ ಇದೆಯಾ?”

ಕಟ್ಟೆಯ ಗರಿ ಇರಲಿಲ್ಲ. “ಪೂರ್ವಕ್ಕೆ ಹೋಗಬಹುದು, ಉತ್ತರಕ್ಕೆ ಹೋಗಬಹುದು,” ಎಂದಳು.

ಪೂರ್ವಕ್ಕೆ ಹೋದ. ಚಂದ್ರನ ಕೆರೆ ಬಂತು.

“ನೀರು ಎಷ್ಟು ಆಳ?”

“ಅದು ಇಲ್ಲಿ ಬರೆದಿಲ್ಲ.”

“ಹೋಗ್ಲಿ, ಆ ಹಗ್ಗದ ಗಂಟು ಬಿಚ್ತೀನಿ.”

“ಬಿಚ್ಚೋಕಾಗಲ್ಲ ಅಣ್ಣಾ.”

ದುರ್ಗಪ್ಪ ಕಣ್ಣು ಮುಚ್ಚಿದ. “ಊರು ಚೆನ್ನಾಗಿದೆ ತಾಯಿ. ಅಲ್ಲಿ ನನಗೆ ಕೆಲಸ ಇಲ್ಲ.”

ಭಾಗೀರಥಿ ಉರಿಯುತ್ತಾ ಗುರುಗಳ ಗುಡಿಸಿಲಿಗೆ ಬಂದಳು.

“ಏಳು ಸುತ್ತಿನ ಕೋಟೆ ಕೊಟ್ಟರೆ ಅವನಿಗೆ ಕಟ್ಟೆ ಬೇಕಂತೆ! ಅಬ್ಬಾ, ಸೆಖೆ. ಕಿಟಕಿ ತೆಗೀಲಾ ಗುರುಗಳೇ?”

“ಅದು ಇಲ್ಲಿ ಬರೆದಿಲ್ಲ,” ಎಂದರು ಗುರುಗಳು.

ಅವಳಿಗೆ ಅರ್ಥವಾಗಲಿಲ್ಲ. “ಒಂದು ಲೋಟ ನೀರಾದರೂ ಕುಡೀತೀನಿ.”

“ಪೂರ್ವಕ್ಕೆ ಹೋಗಬಹುದು, ಉತ್ತರಕ್ಕೆ ಹೋಗಬಹುದು.”

ಭಾಗೀರಥಿ ಅಲ್ಲೇ ಕುಸಿದು ಕೂತಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ತಾನು ಕಟ್ಟಿದ ಊರು ಎಂಥ ಸೆರೆಮನೆ ಎಂದು ಅವಳಿಗೆ ಆಗ ಗೊತ್ತಾಯಿತು.

ಗುರುಗಳು ನೀರು ತಂದುಕೊಟ್ಟರು. “ಮುನ್ನೂರು ಗರಿಯಲ್ಲಿ ಅವನು ಕೈ ಹಾಕಬಹುದಾದದ್ದು ಎಷ್ಟು?”

ಅವಳು ಯೋಚಿಸಿ ನೋಡಿದಳು. ಒಂದೂ ಇರಲಿಲ್ಲ.

ಮರುದಿನ ಕೋಟೆ, ಕಾವಲುಗಾರರು, ಮಾತಾಡುವ ಗಿಡಗಳು ಎಲ್ಲವನ್ನೂ ಅಟ್ಟಕ್ಕೆ ಹಾಕಿದಳು. ಕೆರೆಯೊಂದನ್ನೇ ಉಳಿಸಿಕೊಂಡು ಹದಿನೈದು ದಿನ ಹೊಳೆಯ ಮೊಣಕಾಲುದ್ದ ನೀರಿನಲ್ಲಿ ನಿಂತು ಅದನ್ನೇ ಬರೆದಳು. ನೀರಿನ ಆಳ, ಕಾಲಡಿಯ ಕೆಸರು, ನೆನೆದ ಹಗ್ಗ, ಅದರ ಗಂಟು, ದಡದಲ್ಲೊಂದು ಕಟ್ಟೆ, ಕಟ್ಟೆಯ ಪಕ್ಕ ಬಿರುಕು ಬಿಟ್ಟ ಒಂದು ದೋಣಿ.

ಮತ್ತೆ ದುರ್ಗಪ್ಪನ ಹತ್ತಿರ ಹೋಗಿ ಕೂತಳು.

“ಕಟ್ಟೆ ಇದೆ ದುರ್ಗಣ್ಣ.”

ಅವನು ಮಲಗಿದ್ದಲ್ಲಿಂದಲೇ ಆ ಕಟ್ಟೆಯ ಮೇಲೆ ಕೂತ. ಗಂಟು ಎಂಥದ್ದು ಎಂದು ಕೇಳಿದ. ಅವಳು ಓದಿದಳು.

“ಯಾವನು ಕಟ್ಟಿದ್ದು ಇದನ್ನ? ಎಡದ ಎಳೆ ಮೊದಲು ಎಳೀಬೇಕು,” ಎಂದು ಬಿಚ್ಚಿದ. ಚಂದ್ರ ತೇಲುತ್ತಾ ದೂರ ಹೋಗಿಬಿಟ್ಟ.

“ಅಯ್ಯೋ! ಹಿಡೀಬೇಕಲ್ಲ. ದೋಣಿಯ ಬಿರುಕು ಎಲ್ಲಿದೆ, ಮೂತಿಯಲ್ಲೋ ತಳದಲ್ಲೋ?”

“ತಳದಲ್ಲಿ.”

ನಾರು ತುರುಕಿ ಬಿರುಕು ಮುಚ್ಚಿದ. ದೋಣಿ ನೀರಿಗಿಳಿಸಿದ. ಊಟದ ಹೊತ್ತು ಮೀರಿತು, ಇಬ್ಬರಿಗೂ ನೆನಪಾಗಲಿಲ್ಲ. ಅವನ ಮುಖ ಯಾವಾಗ ಗೋಡೆ ಬಿಟ್ಟು ಇತ್ತ ತಿರುಗಿತೋ ಅವಳು ನೋಡಲೇ ಇಲ್ಲ.

“ಚಂದ್ರ ಆಚೆ ದಡ ಮುಟ್ಟಿರಬೇಕು. ಅಲ್ಲೇನಿದೆ ತಾಯಿ?”

ಭಾಗೀರಥಿ ಗರಿಗಳನ್ನು ತಡಕಾಡಿದಳು. ಆಚೆ ದಡ ಬರೆದಿರಲಿಲ್ಲ.

“ಬೇಗ ಹೇಳು!” ದುರ್ಗಪ್ಪ ಮೊಣಕೈ ಊರಿದ. ಹಲ್ಲು ಕಚ್ಚಿದ. ಎದ್ದು ಕೂತು, ಎರಡೂ ಕೈಗಳಿಂದ ಇಲ್ಲದ ಹುಟ್ಟನ್ನು ಹಿಡಿದ.

ಬಾಗಿಲಲ್ಲಿ ಗುರುಗಳು ನಿಂತಿದ್ದರು. ಭಾಗೀರಥಿಯ ಕಣ್ಣು ತುಂಬಿತ್ತು.

“ಗರಿ ಮುಗಿದು ಹೋಯ್ತು ಗುರುಗಳೇ. ಈಗ ನಾನು ಏನು ಹೇಳಲಿ?”

ಗುರುಗಳು ಒಂದು ಖಾಲಿ ಗರಿಯನ್ನು ಅವಳ ಕೈಗಿಟ್ಟರು.

“ಹುಟ್ಟು ಹಾಕ್ತಿರೋನು ಅವನು. ನೀನು ದೋಣಿಯಲ್ಲಿ ಕೂತು ಅವನು ಕಂಡದ್ದನ್ನ ಬರ್ಕೋ.”