ಬೆಟ್ಟ ದಾಟಿದ ಗಡಿಗೆ

"ಗುರುಗಳೇ, ಅಪ್ಪ ಕೊಟ್ಟ ಮಾತಿಗೆ ಮಗ ಕಟ್ಟುಬೀಳಲೇಬೇಕೇ?"

ಕೇಳಿದವನು ಹಿಂದಿನ ದಿನವಷ್ಟೇ ಬಂದ ಶಿಷ್ಯ. ಒಪ್ಪದ ಮದುವೆಗೆ ನಾಲ್ಕು ದಿನ ಉಳಿದಿರುವಾಗ ಯಾರಿಗೂ ಹೇಳದೆ ಮನೆ ಬಿಟ್ಟು ಬಂದಿದ್ದ. ಗುರುಗಳು ಕತೆ ಹೇಳಿದರು.

ಹಿಮಾಲಯದ ಒಂದು ಕಣಿವೆಯಲ್ಲಿ ಕುರಿಗಾಹಿಗಳ ಬುಡಕಟ್ಟು ಇತ್ತು. ಹೆಣ್ಣು ಕೇಳಲು ಬರುವವರು ಜವೆಗೋಧಿಯ ಹೆಂಡವನ್ನು ಗಡಿಗೆಯಲ್ಲಿ ತರುತ್ತಿದ್ದರು. ಹೆಣ್ಣಿನ ಅಪ್ಪ ಒಂದು ಗುಟುಕು ಕುಡಿದರೆ ಮದುವೆ ನಿಶ್ಚಯ. ಹೆಣ್ಣಿಗೆ ಮನಸ್ಸಿಲ್ಲದಿದ್ದರೆ ಒಂದೇ ದಾರಿ. ಅವಳೇ ಹೆಂಡ ಮಾಡಿ, ಅದೇ ಗಡಿಗೆಯನ್ನು ಕಂಠಮಟ್ಟ ತುಂಬಿ, ತಾನೇ ಹೊತ್ತು ಗಂಡಿನ ಮನೆಗೆ ಒಪ್ಪಿಸಬೇಕು. ಹೊರಟವರು ಕೆಲವರಿದ್ದರು. ಗಂಡಿನ ಮನೆ ಮುಟ್ಟಿದವರು ಇರಲಿಲ್ಲ.

ಒಬ್ಬ ಕುರಿಗಾಹಿ ಮಗಳನ್ನು ಕೇಳದೆ ಕುಡಿದುಬಿಟ್ಟ. ಚಳಿಯಿತ್ತು, ಹೆಂಡವೂ ಚೆನ್ನಾಗಿತ್ತು. ಮಗಳು ಜಗಳವಾಡಲಿಲ್ಲ. ಜವೆಗೋಧಿ ಬೇಯಿಸಿ ಹುಳಿಯಲು ಇಟ್ಟಳು.

"ಹಿಮ ಬೀಳ್ತಿದೆ ಮಗಳೇ, ಬೆಟ್ಟ ದಾಟೋಕಾಗಲ್ಲ. ಹುಡುಗ ಒಳ್ಳೆಯವನು" ಎಂದ ಅಪ್ಪ.

"ಒಳ್ಳೆಯವನೇ ಇರಬಹುದಪ್ಪ. ಅದಕ್ಕೇ ಅವನ ಎದುರಿಗೇ ನಿಂತು ಹೇಳ್ತೀನಿ" ಎಂದಳು.

ಗಡಿಗೆಯನ್ನು ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ಬೆನ್ನಿಗೇರಿಸಿ, ಅದರ ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು ಹೊರಟಳು. ಎರಡು ದಿನದ ದಾರಿ. ಏರಿನಲ್ಲಿ ಎರಡು ಸಲ ಬಿದ್ದಳು. ಮೊಣಕಾಲು ಒಡೆಯಿತು, ಗಡಿಗೆ ಒಡೆಯಲಿಲ್ಲ. ಹೆದರಿಕೆಯಾಯಿತು, ಅತ್ತಳು ಕೂಡ. ಅಳುತ್ತಲೇ ನಡೆದಳು.

ಗಂಡಿನ ಮನೆಯಲ್ಲಿ ಹಿರಿಯರು ಮುಚ್ಚಳ ತೆಗೆದು ನೋಡಿದರು. ಬಿದ್ದಾಗ ಚೆಲ್ಲಿ ನಾಲ್ಕು ಬೆರಳಿನಷ್ಟು ಕಡಿಮೆಯಾಗಿತ್ತು. "ಕಂಠಮಟ್ಟ ಇಲ್ಲ. ಇದು ನಡೆಯಲ್ಲ" ಎಂದರು.

ಗಂಡಿನ ತಾಯಿ ಅಲ್ಲೇ ನಿಂತಿದ್ದಳು. ಪ್ರಾಯದಲ್ಲಿ ಅವಳೂ ಹೀಗೇ ಗಡಿಗೆ ಹೊತ್ತು ಹೊರಟವಳು, ಹಿಮ ಕಂಡು ಅರ್ಧ ದಾರಿಯಿಂದ ಹಿಂತಿರುಗಿದವಳು. ಹುಡುಗಿಯ ಮೊಣಕಾಲು ನೋಡಿದಳು. ಒಳಗೆ ಹೋಗಿ ತನ್ನ ಮನೆಯ ಹೆಂಡ ತಂದು ಗಡಿಗೆಗೆ ಸುರಿದಳು.

"ಈಗ ನೋಡಿ, ತುಂಬಿದೆ" ಎಂದಳು. ಹಿರಿಯರು ಗಡಿಗೆಯನ್ನು ಒಳಗಿಟ್ಟುಕೊಂಡರು. ಮದುವೆ ಮುರಿಯಿತು.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಅರಳಿತು. "ಹಾಗಾದರೆ ನಾನು ಮಾಡಿದ್ದೂ ಸರಿ!" ಎಂದ.

"ನೀನು ಒಲ್ಲೆ ಎನ್ನುವುದು ನನಗೆ ಗೊತ್ತಾಯಿತು, ನಿನಗೆ ಗೊತ್ತುಮಾಡಿದ ಹುಡುಗಿಗೆ ಗೊತ್ತಾಗಿಲ್ಲ. ಅವಳ ಮನೆಯಲ್ಲಿ ಈಗ ಚಪ್ಪರ ಹಾಕುತ್ತಿರಬೇಕು" ಎಂದರು ಗುರುಗಳು.